ಮೆಣಸಿನ ಗಿಡದ ಮೇಲೆ ಅಕ್ಕನ ಕೌದಿ

ಹೆಂಡತಿ ಹೊದ್ದ ಕೌದಿಯನ್ನು ಎಳೆದೊಯ್ದು ಮೆಣಸಿನ ಗಿಡಕ್ಕೆ ಹೊದಿಸಿದ ಪುಣ್ಯಾತ್ಮರು ಭೂಮಿಯ ಮೇಲೆ ಒಬ್ಬರೇ ಇರಬೇಕು. ಅವರ ವಾಸ ಇಂಡಿ ತಾಲ್ಲೂಕಿನ ಅಗರಖೇಡ. ನನ್ನ ದುರ್ದೈವ, ಅವರು ನನ್ನ ಅಕ್ಕನ ಗಂಡ, ಅಂದರೆ ನನಗೆ ಮಾವ!

ದೀರ್ಘ ಜ್ವರವೊಂದರ ನಂತರ ಅಕ್ಕನ ನಾಲಿಗೆ ರುಚಿ ಕಳೆದುಕೊಂಡಿತು. ಮಾವನ ಪ್ರಕಾರ ಅದು ದಸರೆಯ ಹೊತ್ತು. ಔಷಧದ ಚೀಟಿಯ ಪ್ರಕಾರ ದೀಪಾವಳಿಯ ನಂತರ. ನಾನು ಚೀಟಿಯನ್ನು ನಂಬುತ್ತೇನೆ. ಅಂದಿನಿಂದ ಮಾವನೇ ಬಾಣಸಿಗರಾದ್ದರಿಂದ, ರುಚಿ ಹೋದದ್ದನ್ನು ದೈವಕೃಪೆ ಎನ್ನಲು ಅಡ್ಡಿಯಿಲ್ಲ. ಹಿಂದೆ ಪ್ರತಿ ತುತ್ತಿಗೂ ಹೆಸರಿಟ್ಟು ಬೈಯುತ್ತಿದ್ದ ಅಕ್ಕ, ಈಗ ಏನು ಬಡಿಸಿದರೂ ಸುಮ್ಮನೆ ಉಣ್ಣುತ್ತಿದ್ದಳು. ಹಿತ್ತಲಿನ ಗಿಡ್ಡ ಮೆಣಸಿನಕಾಯಿಯ ಚಟ್ನಿ ತಿಂದಾಗ ಮಾತ್ರ ಒಮ್ಮೆ, "ಏನೋ ಚುರ್ ಅಂತು" ಎಂದಳು. ಆ ತಳಿಯ ಗಿಡ ಉಳಿದಿದ್ದುದು ಅದೊಂದೇ, ಅದೂ ಮುದಿಯಾಗಿತ್ತು. ಅದು ಸಾಯುವುದರೊಳಗೆ ಬೀಜ ಮೊಳೆಯಲೇಬೇಕಿತ್ತು.

ಮೊದಲ ಬಾರಿ ಮಾವ ಬೀಜವನ್ನು ಮೇ ತಿಂಗಳ ಬಿಸಿಲಿನಲ್ಲಿ ತಗಡಿನ ಮೇಲೆ ಒಣಗಿಸಿದರು. ಸಾಲದೆಂದು ರೊಟ್ಟಿಯ ಹಂಚಿನ ಮೇಲೂ ಹರವಿದರು!

"ಮಾವಾ, ಇದು ಬಿತ್ತೂ ಬೀಜರೀ, ಒಗ್ಗರಣಿ ಅಲ್ಲ!"

"ಎಷ್ಟು ಒಣಗಿದ್ರ ಅಷ್ಟು ಗಟ್ಟಿ ಆಗ್ತಾವ. ನಿನ್ನನ್ನ ನೋಡಿಕೋ!"

ಕುಂಡದಲ್ಲಿ ಎದ್ದದ್ದು ಒಂದೇ ಸಸಿ. ಮಾವ ಅದಕ್ಕೆ ನೀರೆರೆದರು, ನೆರಳು ಕಟ್ಟಿದರು, ದೃಷ್ಟಿಯನ್ನೂ ತೆಗೆದರು. ಬೆಳೆದ ಮೇಲೆ ನೋಡಿದರೆ ತೊಗರಿ!

ಎರಡನೆಯ ಬಾರಿ ಒಣಗಿಸುವ ಗೋಜೇ ಬೇಡವೆಂದು ಹಸಿ ಬೀಜವನ್ನು ಡಬ್ಬಿಯಲ್ಲಿ ಮುಚ್ಚಿಟ್ಟರು. ಬೂಷ್ಟು ಮಾತ್ರ ಹುಲುಸಾಗಿ ಬೆಳೆಯಿತು.

ಅಷ್ಟರಲ್ಲಿ ಚಳಿಗಾಲ ಬಂತು. ಗಿಡದಲ್ಲಿ ಕೊನೆಯ ನಾಲ್ಕಾರು ಕಾಯಿಗಳಿದ್ದವು. ಆಗ ಕೌದಿ ಹಿತ್ತಲಿಗೆ ಹೋಯಿತು.

"ನನಗ ಥಂಡಿ ಆಗಾಕತ್ತೈತ್ರೀ!" ಎಂದು ಅಕ್ಕ ಒಳಗಿನಿಂದ ಕೂಗಿದಳು.

"ನಿನಗ ಎದ್ದು ಒಲಿ ಮುಂದ ಕುಂಡ್ರಾಕ ಬರತೈತಿ. ಅದಕ್ಕ ಬರತೈತೇನು?"

ಎಳ್ಳ ಅಮಾವಾಸ್ಯೆಗೆ ಚಳಿ ಬಿಡುವುದೆಂದು ಮಾವ ತೀರ್ಪಿತ್ತರು. ಹಳೆಯ ಪತ್ರಿಕೆಗಳ ಹವಾಮಾನ ವರದಿ ತೆಗೆದು, ಸಂಕ್ರಾಂತಿ ದಾಟಿದರೂ ಬಿಡುವುದಿಲ್ಲವೆಂದು ತೋರಿಸಿದೆ. "ಗಿಡಕ್ಕ ಪೇಪರ್ ಓದಾಕ ಬರೂದಿಲ್ಲ" ಎಂದರು.

ಕಾಯಿಗಳು ಗಿಡದಲ್ಲೇ ಕೆಂಪೇರಿ ಸುಕ್ಕುಗಟ್ಟಿದವು. ಈ ಸಲ ನೆರಳಿನಲ್ಲಿ ನಿಧಾನವಾಗಿ ಒಣಗಿಸಿದರು. ಬುದ್ಧಿ ಬಂತೆ? "ನೀ ಹೇಳೀದಿ ಅಂತಲ್ಲ. ತಗಡು ಗಾಳಿಗಿ ಹಾರಿ ಹೋಗೈತಿ!"

ಚಳಿ ಹೋಗುವವರೆಗೆ ಕಾಯುವ ಸಹನೆ ಎಲ್ಲಿಯದು? ಬೀಜವನ್ನು ಒದ್ದೆ ಅರಿವೆಯಲ್ಲಿ ಸುತ್ತಿ, ಮೈಯ ಬಿಸಿಗೆಂದು ಬನಿಯನ್ನಿನೊಳಗೆ ಹೊಟ್ಟೆಗೆ ಕಟ್ಟಿಕೊಂಡು, ಹಾಗೆಯೇ ಸಿಂದಗಿಯ ನೆಂಟರ ಮದುವೆಗೂ ಬಂದರು. ಬೀಗರು ಅಪ್ಪಿಕೊಳ್ಳಲು ಬಂದಾಗ ಹಿಂದೆ ಜಿಗಿದರು.

"ದೂರ ನಿಂದರ್ರಿ! ಒಳಗ ಕೂಸದಾವ!"

"ಎಷ್ಟನೇ ತಿಂಗಳ್ರೀ?" ಎಂದರು ಬೀಗರು, ಮುಖ ಬಿಗಿಹಿಡಿದು.

ನಗಬೇಡಿ, ಕೂಸುಗಳು ಮೊಳೆತವು! ಸಸಿಗಳಾದವು, ಕಾಯಿ ಬಿಟ್ಟವು. ಮೊದಲ ಕೊಯ್ಲಿನ ಚಟ್ನಿಯನ್ನು ಮಾವ ತಾವೇ ಕುಟ್ಟಿ ಅಕ್ಕನ ರೊಟ್ಟಿಯ ಮೇಲಿಟ್ಟರು. ಆಕೆ ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. ಹುಬ್ಬು ಗಂಟಿಕ್ಕಿದಳು.

"ಉಪ್ಪು ಹಾಕೀರೇನ್ರಿ ಇದಕ್ಕ? ಸಪ್ಪಗ ಹೇಸಿ ಆಗೈತಿ!"

ತಮ್ಮ ಅಡುಗೆಗೆ ಯಾರು ಹೆಸರಿಟ್ಟರೂ ಜಗಳಕ್ಕೆ ನಿಲ್ಲುವ ಮಾವ ಆಕೆಯ ಎದುರಿಗೇ ನೆಲದ ಮೇಲೆ ಕುಳಿತುಬಿಟ್ಟರು.

"ಏನಂದಿ?" ಎಂದರು, ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸುತ್ತ. "ಇನ್ನೊಮ್ಮಿ ಬೈ."