ಮಾಟಗಾತಿಯರೂ ನಮ್ಮ ಮನೆಯಾಕೆಯ ನಗುವೂ

ಹಾಸ್ಯ ಬರೆಯುವವನ ಮನೆಯಲ್ಲಿ ಸದಾ ನಗು ತುಂಬಿರುತ್ತದೆ ಎಂದು ನಂಬಿದವರು ಯಾರಾದರೂ ಇದ್ದರೆ, ಅವರನ್ನು ಒಂದು ವಾರ ಹೊನ್ನವಳ್ಳಿಯ ನಮ್ಮ ಮನೆಯಲ್ಲಿ ಇರಿಸಿಕೊಳ್ಳಲು ನಾನು ಸಿದ್ಧ. ಊಟ ತಿಂಡಿಗೇನೂ ಕೊರತೆಯಾಗದು. ನಾನು ಮೂರು ಹಾಸ್ಯ ಸಂಕಲನಗಳ ಕರ್ತೃ. ತಿಪಟೂರಿನ ಸಭೆಗಳಲ್ಲಿ ಪರಿಚಯ ಮಾಡಿಕೊಡುವವರು ನನ್ನನ್ನು ನಗೆಗಡಲು ಎನ್ನುತ್ತಾರೆ. ಆ ಕಡಲಿನ ಒಂದು ಹನಿಯೂ ನನ್ನ ಹೆಂಡತಿ ಜಯಲಕ್ಷ್ಮಿಗೆ ಇದುವರೆಗೆ ತಾಗಿಲ್ಲ. ತುರುವೇಕೆರೆ ಬಸ್ಸಿನಲ್ಲಿ ನಾನು ಚಪ್ಪಲಿ ಕಳೆದುಕೊಂಡದ್ದರ ಬಗ್ಗೆ ಬರೆದ, ನಾಲ್ಕು ಜನ ಮೆಚ್ಚಿದ ಪ್ರಬಂಧವನ್ನು ಅವಳು ಪೂರ್ತಿ ಓದಿ, ಕನ್ನಡಕ ತೆಗೆದು, "ಅಯ್ಯೋ ಪಾಪ. ಆಮೇಲೆ ಸಿಕ್ತೇನ್ರೀ?" ಎಂದು ಕೇಳಿದ್ದಳು.

ಅಂಥವಳು ಈಗ ದಿನವಿಡೀ ನಗುತ್ತಾಳೆ. ಒಲೆಯ ಮೇಲೆ ಹಾಲಿಟ್ಟು ನಗುತ್ತಾಳೆ, ಹಾಲು ಉಕ್ಕಿದರೂ ನಗುತ್ತಾಳೆ. ಕಾರಣ, ಅವಳ ತಂಗಿ ತಂದುಕೊಟ್ಟ ಮಾಟಗಾತಿಯರ ಕಾದಂಬರಿ ಮಾಲೆ. ಒಂದಲ್ಲ ಎರಡಲ್ಲ, ಏಳು ಸಂಪುಟ. ಇಬ್ಬರು ವಾರಗಿತ್ತಿಯರು, ಇಬ್ಬರೂ ಮಾಟಗಾತಿಯರು, ಒಂದೇ ಅಡುಗೆಮನೆಯಲ್ಲಿ ಮದ್ದು ಕಾಯಿಸುತ್ತಾ ಜಗಳವಾಡುತ್ತಾರಂತೆ. ಇದಕ್ಕೆ ಏಳು ಸಂಪುಟ ಯಾಕೆ ಬೇಕು? ನಮ್ಮ ಓಣಿಯಲ್ಲಿ ಒಂದು ಸುತ್ತು ಹಾಕಿದರೆ ಸಾಕಲ್ಲ. ಮೇಲಾಗಿ ಅವರು ಪೊರಕೆಯ ಮೇಲೆ ಕೂತು ಹಾರುತ್ತಾರೆ. ಬರೆದವರು ತೆಂಗಿನ ಸೀಮೆಯ ಪೊರಕೆಯನ್ನು ಕಣ್ಣಾರೆ ಕಂಡಿರಲಾರರು. ಬರೀ ಗರಿಕಡ್ಡಿಯ ಕಟ್ಟು ಅದು, ಹಿಡಿಯಿಲ್ಲ, ಕೋಲಿಲ್ಲ. ಅದರ ಮೇಲೆ ಕೂತವಳು ಮೇಲಕ್ಕೆ ಹಾರಿಯಾಳು ನಿಜ, ಆದರೆ ಅದಕ್ಕೆ ಮಂತ್ರ ಕಾರಣವಾಗಿರುವುದಿಲ್ಲ.

ಈ ಮಾತನ್ನು ನಾನು ಜಯಲಕ್ಷ್ಮಿಗೆ ಹೇಳಿದೆ. ನಾನೇ ಹೇಳಿಕೊಳ್ಳಬಾರದು, ಆದರೆ ಒಳ್ಳೆಯ ಹಾಸ್ಯ ಅದು. ಅವಳು ಪುಟದಿಂದ ತಲೆಯೆತ್ತದೆ, "ಓದ್ದೆ ಯಾಕ್ ಮಾತಾಡ್ತೀರಿ, ಸುಮ್ನಿರ್ರೀ" ಎಂದಳು. ನನಗೆ ಬಹಳ ಹೊಟ್ಟೆ ಉರಿಯಿತು. ಈ ಮಾಲೆಯನ್ನು ಓದಿ, ಅದರ ಹುಳುಕನ್ನೆಲ್ಲ ಹೆಕ್ಕಿ, ಒಂದು ಕಟುವಿಮರ್ಶೆ ಬರೆದು ಅವಳ ಮುಂದೆ ಹಿಡಿಯಬೇಕೆಂದು ನಿಶ್ಚಯಿಸಿದೆ. ಆದರೆ ಅವಳ ಕಣ್ಣೆದುರಿಗೆ ಓದುವುದು ಹೇಗೆ?

ಅಟ್ಟದ ಮೇಲಿನ ಕಾಯಿ ಆರಿಸುವ ಸಮಯ ಅದು. ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಗಡಗಡ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ ಎಂದರ್ಥ. ಕುಳುಕುಳು ಎಂದರೆ ಇನ್ನೂ ನೀರಿದೆ, ಹಾಗೇ ಬಿಡಬೇಕು. ಈ ಕೆಲಸ ಮಾಡುವಾಗ ನಮ್ಮಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಪ್ರತಿ ವರ್ಷ ಜಯಲಕ್ಷ್ಮಿಯೇ ಆರಿಸುತ್ತಾಳೆ. ಈ ಸಲ ನಾನು ಮಾಡುತ್ತೇನೆಂದು ಹೇಳಿ, ಮೂರನೆಯ ಸಂಪುಟವನ್ನು ಪಂಚೆಯಲ್ಲಿ ಸುತ್ತಿಕೊಂಡು ಏಣಿ ಹತ್ತಿದೆ.

ಒಂದು ಕೈಯಲ್ಲಿ ಕಾಯಿ, ಇನ್ನೊಂದರಲ್ಲಿ ಪುಸ್ತಕ. ವಾರಗಿತ್ತಿಯರು ಜಗಳದ ಭರದಲ್ಲಿ ರಾಜನನ್ನು ಕಪ್ಪೆ ಮಾಡಿ, ಮರಳಿ ಮನುಷ್ಯನನ್ನಾಗಿಸುವ ಮಂತ್ರವನ್ನು ಮರೆತುಬಿಡುತ್ತಾರೆ. ಕಪ್ಪೆ ಸಿಂಹಾಸನದ ಮೇಲೆ ಕೂತು ಒಮ್ಮೆ ವಟಗುಟ್ಟುತ್ತದೆ. ಮಂತ್ರಿಗಳು ಅದನ್ನು ರಾಜಾಜ್ಞೆ ಎಂದು ಬರೆದುಕೊಂಡು, ಹಿಂದಿನ ಆಜ್ಞೆಗಳಿಗಿಂತ ಇದು ಸ್ಪಷ್ಟವಾಗಿದೆ ಎಂದು ತಲೆದೂಗುತ್ತಾರೆ. ತೀರಾ ಅಗ್ಗದ ಹಾಸ್ಯ. ನಾನು ಬಾಯಿಗೆ ಪಂಚೆ ತುರುಕಿಕೊಂಡೆ. ಕೈ ತನ್ನಷ್ಟಕ್ಕೆ ಕಾಯಿ ಅಲ್ಲಾಡಿಸಿ ಪಕ್ಕಕ್ಕೆ ಹಾಕುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಜಯಲಕ್ಷ್ಮಿ ಚಟ್ನಿಪುಡಿಗೆಂದು ನಾನು ಆರಿಸಿದ ಗುಡ್ಡೆಯಿಂದ ಒಂದು ಕಾಯಿ ಸುಲಿಸಿ ಒಡೆದಳು. ನೀರು ಅವಳ ಸೀರೆಯ ಮೇಲೆಲ್ಲ ಚೆಲ್ಲಿತು. ಇನ್ನೊಂದು ಒಡೆದಳು. ಅದರಲ್ಲೂ ನೀರು.

"ಕಿವೀನ ಎಲ್ಲಿಟ್ಟಿದ್ರಿ?" ಎಂದಳು.

ಪುಸ್ತಕದ ಹೆಸರೆತ್ತುವಂತಿರಲಿಲ್ಲ. "ನಂದೇ ಒಂದು ಪ್ರಬಂಧ ನೆನಪಾಯ್ತು ಕಣೇ. ನಗು ತಡೆಯೋಕಾಗ್ಲಿಲ್ಲ, ಕಾಯಿ ಸದ್ದು ಕೇಳಿಸ್ಲಿಲ್ಲ" ಎಂದೆ.

ಅವಳು ನನ್ನನ್ನೇ ನೋಡಿದಳು. "ನಿಮ್ದಾ?" ಎಂದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು, ಸೆರಗನ್ನು ಕಣ್ಣಿಗೆ ಒತ್ತಿಕೊಂಡು, ಉಸಿರು ಸಿಕ್ಕದಂತೆ ನಕ್ಕಳು. ಎದ್ದು ಹಿತ್ತಲ ಗೋಡೆಯವರೆಗೆ ಹೋಗಿ ಪಕ್ಕದ ಮನೆಯ ಗಂಗಮ್ಮನಿಗೂ ನನ್ನ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದಳು. ಗಂಗಮ್ಮನೂ ಬಿದ್ದು ಬಿದ್ದು ನಕ್ಕಳು. ನಾನು ಬರೆದ ಮೂರು ಪುಸ್ತಕಗಳ ಒಂದು ಸಾಲನ್ನೂ ಜಯಲಕ್ಷ್ಮಿ ಇದುವರೆಗೆ ಯಾರಿಗೂ ಹೀಗೆ ಹೇಳಿದ್ದಿಲ್ಲ.