ಅತ್ತೆಯ ನೇರಳೆ ಗೊಂಚಲು

ನನ್ನ ಸೋದರತ್ತೆಗೆ ನೆಂಟರಿಗಿಂತ ಬ್ಯಾಕ್ಟೀರಿಯಾಗಳ ಮೇಲೆ ಪ್ರೀತಿ ಹೆಚ್ಚು ಎಂದರೆ ನೀವು ನಂಬಲಿಕ್ಕಿಲ್ಲ. ಹಾಗಾದರೆ ಒಮ್ಮೆ ಅವರ ಮನೆಗೆ ಊಟಕ್ಕೆ ಹೋಗಿ! ಮೊಸರು ಬಡಿಸುವ ಮೊದಲು ಅದರೊಳಗಿನ ಜೀವಿಗಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸುತ್ತಾರೆ. ನೋಡಿದ ಮೇಲೆ ಮಜ್ಜಿಗೆಯೂ ಗಂಟಲಲ್ಲಿ ಇಳಿಯುವುದಿಲ್ಲ.

ಆಲ್ದೂರಿನಲ್ಲಿ ಅವರದೊಂದು ರೋಗ ಪರೀಕ್ಷೆಯ ಪುಟ್ಟ ಲ್ಯಾಬ್. ಬಣ್ಣ ಹಾಕಿ ತೊಳೆದರೂ ನೇರಳೆಯಾಗಿಯೇ ಉಳಿಯುವ ಗ್ರಾಂ ಪಾಸಿಟಿವ್ ಜಾತಿಯ ಬ್ಯಾಕ್ಟೀರಿಯಾ ಎಂದರೆ ಅವರಿಗೆ ಪ್ರಾಣ.

ಒಮ್ಮೆ ನನ್ನ ತಂಗಿಯನ್ನು ನೋಡಲು ಕಳಸದಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗನ ತಂದೆ ಮರ್ಯಾದೆಗೆ ಅತ್ತೆಯನ್ನು, "ತಮ್ಮ ಕೆಲಸ ಏನಮ್ಮಾ?" ಎಂದುಬಿಟ್ಟರು. ಕೇಳಬಹುದೇ! ಅತ್ತೆ ಅವರ ತಟ್ಟೆಯ ಒತ್ತುಶಾವಿಗೆಯನ್ನೇ ಎತ್ತಿಕೊಂಡರು.

"ನೋಡಿ, ಬ್ಯಾಕ್ಟೀರಿಯಾದ ಗೋಡೆ ಕಟ್ಟೋ ಪೆಪ್ಟಿಡೋಗ್ಲೈಕಾನ್ ಹಿಂಗೇ ಎಳೆ ಎಳೆಯಾಗಿ, ಪದರದ ಮೇಲೆ ಪದರ. ದಪ್ಪ ಗೋಡೆ! ನಡುವೆ ಟೈಕೋಯಿಕ್ ಆಮ್ಲದ ದಾರ. ಕೆಲವು ದಾರ ಗೋಡೆಗೇ ಅಂಟಿರ್ತವೆ, ಕೆಲವು ಕೆಳಗಿನ ಪೊರೆಗೆ ಬೇರು ಬಿಟ್ಟಿರ್ತವೆ. ಬ್ಯಾಕ್ಟೀರಿಯಾ ನಮ್ಮ ಮೈಗೆ ಕಚ್ಚಿಕೊಳ್ಳೋಕೂ ಆ ದಾರಗಳೇ ಬೇಕು."

ಹುಡುಗಿ ಒಪ್ಪಿಗೆಯಾದಳು. ಶಾವಿಗೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಕಳೆದ ವರ್ಷ ಕಾಫಿ ಗಿಡ ಕಸಿ ಮಾಡುತ್ತಾ ರೆಂಬೆ ಸವರುವಾಗ ನನ್ನ ಮೀನಖಂಡಕ್ಕೆ ಕತ್ತಿ ತಾಗಿತು. ರಕ್ತ ನಿಲ್ಲಲೆಂದು ಕಾಫಿಪುಡಿ ಮೆತ್ತಿದೆ. ನಾಲ್ಕನೇ ದಿನಕ್ಕೆ ಕಾಲು ಊದಿ, ಜ್ವರ ಏರಿ, ಕುಂಟುತ್ತಾ ಲ್ಯಾಬಿಗೆ ಹೋದೆ.

"ಕಾಫಿಪುಡಿಯಾ? ಹಾಲು, ಸಕ್ಕರೆ ಯಾಕೆ ಬಿಟ್ಟೆ ಮಾರಾಯ?" ಎಂದು ಬೈಯುತ್ತಲೇ ಕೀವು ತೆಗೆದು, ಗಾಜಿನ ಸ್ಲೈಡಿಗೆ ಸವರಿ, ಬಣ್ಣ ಹಾಕಿ ನೋಡಿದರು. ಬೈಗುಳ ಥಟ್ಟನೆ ನಿಂತಿತು.

"ಏನತ್ತೆ?"

"ನೇರಳೆ. ದ್ರಾಕ್ಷಿ ಗೊಂಚಲಿನ ಹಾಗಿವೆ. ಕೀವು ಮಾಡೋ ಕೆಟ್ಟ ಜಾತಿ. ಏಳು, ಚಿಕ್ಕಮಗಳೂರಿನ ಆಸ್ಪತ್ರೆಗೆ ಹೋಗಣ."

ಜೀಪಿನಲ್ಲಿ ಮಾತ್ರ ಬಾಯಿ ನಿಲ್ಲಲಿಲ್ಲ. "ಡಾಕ್ಟ್ರು ಕೊಡೋ ಔಷಧಿ ಆ ಗೋಡೆ ಕಟ್ಟೋಕೆ ಬಿಡಲ್ಲ. ಗೋಡೆ ಸಡಿಲ ಆದ್ರೆ ಬ್ಯಾಕ್ಟೀರಿಯಾ ಒಡೆದು ಸಾಯ್ತವೆ."

"ನಾನೂ ಒಡೆದುಹೋದ್ರೆ?"

"ನಿನ್ನ ಜೀವಕೋಶಕ್ಕೆ ಗೋಡೆನೇ ಇಲ್ಲ, ಹೆದರಬೇಡ!"

ಇನ್ನೆರಡು ದಿನ ತಡವಾಗಿದ್ದರೆ ಕಾಲು ಉಳಿಯುವುದು ಕಷ್ಟವಿತ್ತೆಂದು ಡಾಕ್ಟರು ಹೇಳಿದರು. ವಾರದ ನಂತರ ಮನೆಗೆ ಬಂದೆ.

ನಡೆಯಲು ಬಂದ ಮೇಲೆ, ನನ್ನ ಕಾಲು ತಿಂದವರ ಮುಖವನ್ನಾದರೂ ನೋಡೋಣವೆಂದು ಲ್ಯಾಬಿಗೆ ಹೋದೆ. ಪೆಟ್ಟಿಗೆಯಲ್ಲಿ ಸಾಲಾಗಿ ಸ್ಲೈಡುಗಳು. ಪ್ರತಿಯೊಂದರ ಮೇಲೂ ಅತ್ತೆಯ ದುಂಡು ಅಕ್ಷರದಲ್ಲಿ ರೋಗಿಯ ಹೆಸರು. ಒಂದರ ಮೇಲೆ ಮಾತ್ರ ಏನೂ ಇಲ್ಲ.

"ಇದು ನಂದಾ? ಹೆಸರು ಬರೆಯೋದು ಮರೆತ್ರಾ ಅತ್ತೆ?"

ಅವರು ಮುಖ ಆಚೆ ತಿರುಗಿಸಿದರು.

"ಮರೀಲಿಲ್ಲ ಮಾರಾಯ. ಅವತ್ತು ಪೆನ್ನು ಹಿಡ್ಕೊಂಡೆ, ಕೈ ಬರ್ಲಿಲ್ಲ."