ಇಡೀ ಬೀದಿಯಲ್ಲಿ ಭದ್ರವಾಗಿರುವ ಒಂದು ಸ್ಕ್ಯಾನ್ ರಿಪೋರ್ಟು

ಕಲ್ಯಾಣ ನಗರದ ನಮ್ಮ ಬೀದಿಯ ಲ್ಯಾಬಿನ ವ್ಯವಸ್ಥಾಪಕರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಯಂತ್ರಗಳು ಕೆಡದಿರಲಿ, ಕರೆಂಟು ಕೈಕೊಡದಿರಲಿ ಎಂದು ಹಾರೈಸುತ್ತಾ ಆರಂಭಿಸುತ್ತೇನೆ. ಇದನ್ನು ಬಹಿರಂಗವಾಗಿ ಬರೆಯಲು ನನ್ನ ಹೆಂಡತಿ ಪ್ರತಿಭಾಳ ಒಪ್ಪಿಗೆಯಿದೆ. ಮುಚ್ಚಿಡಲು ತಾವು ಏನನ್ನೂ ಉಳಿಸಿಲ್ಲ.

‘ರೋಗಿಯ ಮಾಹಿತಿ ಆನ್‌ಲೈನ್ ಬ್ಯಾಕಪ್‌ನಲ್ಲಿ ಭದ್ರ’ ಎಂಬ ತಮ್ಮ ಗೋಡೆಬರಹವನ್ನು ನಂಬಿ ಅವಳು ಎದೆಯ ಗಂಟಿಗೆ ಸ್ಕ್ಯಾನ್ ಮಾಡಿಸಿದಳು. ಅದೇ ಸಂಜೆ ಎದುರುಮನೆಯ ಆಂಜನಮ್ಮನವರು ಬಟ್ಟೆ ಒಣಹಾಕುತ್ತಾ ಮಹಡಿಯಿಂದಲೇ, “ಏನ್ ಪ್ರತಿಭಾ, ಗಂಟಂತೆ? ಹೆದರ್ಕೋಬೇಡ ಕಣೆ, ನಮ್ ಓರಗಿತ್ತಿಗೂ ಇತ್ತು. ಪಾಪ, ತುಂಬಾ ಒಳ್ಳೆಯವಳಾಗಿದ್ಲು” ಎಂದು ಧೈರ್ಯ ತುಂಬಿದರು. ವೈದ್ಯರು ಇನ್ನೂ ರಿಪೋರ್ಟು ನೋಡಿರಲಿಲ್ಲ.

ವಿಚಾರಿಸಲಾಗಿ, ತಮ್ಮ ಕೌಂಟರಿನ ಲಕ್ಷ್ಮಿಕಾಂತ ಅವರು ದಿನದ ರಿಪೋರ್ಟುಗಳನ್ನೆಲ್ಲ ರೋಗಿಗಳ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆಂದು ತಿಳಿಯಿತು. ಏಕೆಂದು ಕೇಳಿದರೆ, “ಅಯ್ಯೋ ಸಾರ್, ನಮ್ ಕಂಪ್ಯೂಟರ್ ಹೋದ್ರೂ ಅಷ್ಟು ಜನರ ಫೋನಲ್ಲಿ ಇರತ್ತಲ್ಲಾ! ಎಲ್ರದ್ದೂ ಒಂದೇ ಸಲ ಹಾಳಾಗತ್ತಾ?” ಎಂದರು. ಬಿ.ಎ. ಮಾಡಿದ ನಾನು ಪ್ರತಿಭಾಳ ಫೋನಿನಲ್ಲಿ ಆ ಗುಂಪನ್ನು ತೆರೆದು ನೋಡಿದೆ. ಸಕ್ಕರೆ ಏರಿದವರು, ಸೊಂಟ ಜಾರಿದವರು, ಗಂಡನಿಗೂ ಹೇಳದೆ ಬಸುರಾದವರು, ಎಲ್ಲರೂ ಅಲ್ಲಿ ಸುರಕ್ಷಿತರಾಗಿದ್ದಾರೆ. ಅವರ ಹೆಸರು ನಾನು ಹೇಳಬಾರದು, ತಾವು ಹೇಳಿದ್ದೀರಿ. ಪ್ರತಿಭಾಳ ರಿಪೋರ್ಟಿಗೆ ಹಲವರು ಕೈಮುಗಿದಿದ್ದಾರೆ, ಒಬ್ಬರು ಅವಸರದಲ್ಲಿ ಹುಟ್ಟುಹಬ್ಬದ ಕೇಕಿನ ಚಿತ್ರ ಒತ್ತಿದ್ದಾರೆ.

ಇಂಥ ಸೇವೆಯಲ್ಲಿ ತೊಡಕೊಂದೇ. ಸೂಜಿ ಹಾಕಿ ಗಂಟನ್ನು ಪರೀಕ್ಷಿಸಲೇಬೇಕು, ತಡಮಾಡುವಂತಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಪ್ರತಿಭಾ ಮಾತ್ರ ಯಾವ ಲ್ಯಾಬಿನ ಮೆಟ್ಟಿಲನ್ನೂ ಹತ್ತಲಾರೆ ಎಂದು ಕೂತುಬಿಟ್ಟಳು. “ಗಂಟು ಆಮೇಲ್ ನೋಡ್ಕೊಳ್ಳೋಣ ರೀ, ಮೊದ್ಲು ಈ ಬೀದೀಲಿ ತರಕಾರಿ ತರೋದ್ ಹೆಂಗೆ ಹೇಳಿ” ಎಂದಳು. ಒಂದು ವಾರ ನಾನೇ ತಂದೆ. ಕೊತ್ತಂಬರಿ ಕಟ್ಟುವಾಗ ಅಂಗಡಿಯವನೂ ಅವಳ ಆರೋಗ್ಯ ವಿಚಾರಿಸಿದ.

ಆದ್ದರಿಂದ ತಾವು ದಯವಿಟ್ಟು ಆ ಗುಂಪನ್ನು ಅಳಿಸಿ, ರಿಪೋರ್ಟುಗಳನ್ನು ಆಯಾ ರೋಗಿಯ ಪಾಸ್‌ವರ್ಡಿಗಷ್ಟೇ ತೆರೆಯುವ ಜಾಗದಲ್ಲಿ ಇಡಬೇಕಾಗಿ ಪ್ರಾರ್ಥನೆ. ಬಿಡುವಾದಾಗ ಆಂಜನಮ್ಮನವರ ನೆನಪಿನಿಂದಲೂ ಸದರಿ ಕಡತವನ್ನು ಅಳಿಸಿಕೊಡಿ. ಅವರು ಬಾಣಸವಾಡಿಯ ತಂಗಿಯ ಬಳಿ ಇನ್ನೊಂದು ಪ್ರತಿ ಇರಿಸಿದ್ದಾರೆ, ಅದನ್ನೂ.

ಸರ್ವರಿಗೂ ಸುಪರಿಚಿತನಾದ,
ತಮ್ಮ ವಿಶ್ವಾಸಿ,
ಬಸವಪ್ರಭು

ತಾ.ಕ.: ನಿನ್ನೆ ರಿಚರ್ಡ್ಸ್ ಟೌನಿನ ಹಳೆಯ ಲ್ಯಾಬೊಂದಕ್ಕೆ, ಬರೀ ನೋಡಿ ಬರೋಣವೆಂದು ಅವಳನ್ನು ಒಪ್ಪಿಸಿ ಕರೆದೊಯ್ದಿದ್ದೆ. ಅಲ್ಲಿ ರಿಪೋರ್ಟುಗಳು ಕಬ್ಬಿಣದ ಬೀರುವಿನಲ್ಲಿರುತ್ತವೆ. ಅದರ ಕೀ ಕಳೆದು ಬಹಳ ಕಾಲವಾಯಿತು, ನಮಗೇ ತೆಗೆಯಲಾಗುತ್ತಿಲ್ಲ ಎಂದು ಅಲ್ಲಿನ ಮಾರಿಯಾ ಸಿಸ್ಟರ್ ನಾಚಿಕೊಂಡು ಹೇಳಿದರು. ಪ್ರತಿಭಾ ತಕ್ಷಣ ಸೂಜಿ ಪರೀಕ್ಷೆಗೆ ಹೆಸರು ಬರೆಸಿದಳು.